ಜಾಕ್ಸನ್ ಪಾಠಕ್ಕೆ ಒಂದು ಸೀಮೆಸುಣ್ಣದ ಗೆರೆ

ಬಿ.ಎ. ತರಗತಿಗೆ ಅಮೆರಿಕದ ಇತಿಹಾಸ ಹೇಳಲು ಶುರು ಮಾಡಿದ ಮೊದಲ ವರ್ಷ, ಉತ್ತರಪತ್ರಿಕೆ ತಿದ್ದುವಾಗ ಒಂದೇ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: ‘ಆಂಡ್ರ್ಯೂ ಜಾಕ್ಸನ್ ಬಡವರಿಗೆ ಮತದಾನದ ಹಕ್ಕು ಕೊಟ್ಟನು.’ ಅದು ಮಕ್ಕಳ ತಪ್ಪಲ್ಲ. ‘ಶ್ರೀಸಾಮಾನ್ಯನ ಅಧ್ಯಕ್ಷ’ ಎಂದು ನೋಟ್ಸ್ ಬರೆಸಿ ಮುಂದಿನ ಪಾಠಕ್ಕೆ ಹೋದವಳು ನಾನೇ. ಹಕ್ಕು ಕೊಟ್ಟಿದ್ದು ರಾಜ್ಯಗಳು. 1816ರಲ್ಲಿ ಇಂಡಿಯಾನಾ, 1818ರಲ್ಲಿ ಇಲಿನಾಯ್, 1819ರಲ್ಲಿ ಅಲಬಾಮಾ ಒಕ್ಕೂಟ ಸೇರುವಾಗಲೇ ಬಿಳಿಯ ಗಂಡಸರು ಮತ ಹಾಕಲು ಆಸ್ತಿ ಇರಬೇಕೆಂಬ ಷರತ್ತು ಅಲ್ಲಿರಲಿಲ್ಲ. ಜಾಕ್ಸನ್ ಗೆದ್ದಿದ್ದು 1828ರಲ್ಲಿ. ತೆರೆದಿದ್ದ ಬಾಗಿಲಿನಿಂದ ಒಳಗೆ ಬಂದವನನ್ನು ಬಾಗಿಲು ತೆರೆದವನು ಎಂದು ಹೇಳಿಕೊಟ್ಟಿದ್ದೆ.

ಮರುವರ್ಷ ನೋಟ್ಸ್ ಬದಿಗಿಟ್ಟೆ. ಮೊದಲ ದಿನ ಬೋರ್ಡಿನ ಮೇಲೆ ಬರೆದಿದ್ದು ನಾಲ್ಕೇ ಸಂಖ್ಯೆ: ಜಾಕ್ಸನ್ 99, ಆಡಮ್ಸ್ 84, ಕ್ರಾಫರ್ಡ್ 41, ಕ್ಲೇ 37. 1824ರ ಅಧ್ಯಕ್ಷ ಚುನಾವಣೆಯಲ್ಲಿ ನಾಲ್ವರಿಗೆ ಮತದಾರ ಮಂಡಳಿಯಲ್ಲಿ, ಅಂದರೆ ಅಧ್ಯಕ್ಷರನ್ನು ಆರಿಸಲು ರಾಜ್ಯಗಳು ಕಳಿಸುವ ಪ್ರತಿನಿಧಿಗಳಿಂದ, ಬಿದ್ದ ಮತಗಳು. ‘ಯಾರು ಗೆದ್ದರು?’ ಎಂದರೆ ಎಲ್ಲರೂ ‘ಜಾಕ್ಸನ್’ ಎನ್ನುತ್ತಾರೆ. ಬಹುಮತಕ್ಕೆ 131 ಬೇಕಿತ್ತು, ಯಾರಿಗೂ ಬರಲಿಲ್ಲ. ತೀರ್ಮಾನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದೇ ಮತ. ಮೊದಲ ಮೂವರಷ್ಟೇ ಕಣದಲ್ಲಿ ಉಳಿಯುವುದರಿಂದ ಸಭೆಯ ಸ್ಪೀಕರ್ ಆಗಿದ್ದ ಕ್ಲೇ ಹೊರಬಿದ್ದು ಆಡಮ್ಸ್ ಬೆನ್ನಿಗೆ ನಿಂತ. 24 ರಾಜ್ಯಗಳಲ್ಲಿ 13 ಆಡಮ್ಸ್‌ಗೆ ಒಲಿದವು. ಆಡಮ್ಸ್ ಅಧ್ಯಕ್ಷನಾದ, ಕ್ಲೇ ವಿದೇಶಾಂಗ ಮಂತ್ರಿಯಾದ. ಇಷ್ಟು ಹೇಳುವಷ್ಟರಲ್ಲಿ ತರಗತಿಯಲ್ಲಿ ‘ಮೋಸ, ಮೇಡಂ!’ ಎಂಬ ದನಿ ಏಳುತ್ತದೆ. ಜಾಕ್ಸನ್‌ನ ಬೆಂಬಲಿಗರಿಗೂ ಹಾಗೇ ಅನ್ನಿಸಿತ್ತು. ಆ ಸಿಟ್ಟು ಅರ್ಥವಾಗದೆ 1828 ಅರ್ಥವಾಗುವುದಿಲ್ಲ.

ಆದರೆ ಸಿಟ್ಟೊಂದರಿಂದಲೇ ಮತ ಬೀಳುವುದಿಲ್ಲ. 1824ರಲ್ಲಿ ಆರು ರಾಜ್ಯಗಳಲ್ಲಿ ಅಧ್ಯಕ್ಷರನ್ನು ಆರಿಸುವ ಮತದಾರ ಮಂಡಳಿಯನ್ನು ಶಾಸಕರೇ ನೇಮಿಸುತ್ತಿದ್ದರು. 1828ಕ್ಕೆ ಡೆಲವೇರ್, ದಕ್ಷಿಣ ಕೆರೊಲಿನಾ ಎರಡೇ ಉಳಿದವು. ಮಾರ್ಟಿನ್ ವಾನ್ ಬ್ಯೂರನ್‌ನಂಥ ಸಂಘಟಕರು ಜಾಕ್ಸನ್ ಪರವಾಗಿ ಊರೂರಿನಲ್ಲಿ ಪಕ್ಷ ಕಟ್ಟಿದರು. ಜನ ಹಾಕಿದ ಮತ ಸುಮಾರು 3.5 ಲಕ್ಷದಿಂದ 11 ಲಕ್ಷ ದಾಟಿತು. ಮತದಾರ ಮಂಡಳಿಯಲ್ಲಿ ಜಾಕ್ಸನ್‌ಗೆ 178, ಆಡಮ್ಸ್‌ಗೆ 83.

ಎರಡನೆಯ ದಿನದ್ದೇ ನನಗೆ ಮುಖ್ಯ ಪಾಠ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಬ್ಬೊಬ್ಬರ ಕೈಗೂ ಒಂದೊಂದು ಚೀಟಿ ಕೊಡುತ್ತೇನೆ: ನ್ಯೂ ಜೆರ್ಸಿಯ ಆಸ್ತಿವಂತ ವಿಧವೆ, ನ್ಯೂಯಾರ್ಕಿನ ಬಿಳಿಯ ಕೂಲಿ, ಅದೇ ಊರಿನಲ್ಲಿ 200 ಡಾಲರಿನ ಮನೆಯಿರುವ ಸ್ವತಂತ್ರ ಕಪ್ಪು ಬಡಗಿ, ಪೆನ್ಸಿಲ್ವೇನಿಯಾದ ಕಪ್ಪು ರೈತ, ಜಾರ್ಜಿಯಾದ ಚೆರೊಕೀ ಎಂಬ ಮೂಲನಿವಾಸಿ ಸಮುದಾಯದ ರೈತ, ಜಾಕ್ಸನ್‌ನ ಹರ್ಮಿಟೇಜ್ ತೋಟದ ಗುಲಾಮ. ನಾನು ವರ್ಷ ಕೂಗುತ್ತೇನೆ. ಕಾನೂನಿನ ಪ್ರಕಾರ ಮತ ಇದ್ದವರು ಗೆರೆ ದಾಟಬೇಕು.

1800 ಎಂದಾಗ ವಿಧವೆ, ಬಡಗಿ, ಪೆನ್ಸಿಲ್ವೇನಿಯಾದ ರೈತ ದಾಟುತ್ತಾರೆ. ಬಿಳಿಯ ಕೂಲಿ ಆಚೆಗೇ ನಿಂತಿರುತ್ತಾನೆ. ಮಕ್ಕಳು ಬೆರಗಾಗುವುದು ಇಲ್ಲೇ. 1807ರಲ್ಲಿ ನ್ಯೂ ಜೆರ್ಸಿ ಹೆಂಗಸರ ಮತ ಕಿತ್ತುಕೊಂಡಿತು, ವಿಧವೆ ವಾಪಸ್. 1821ರ ನ್ಯೂಯಾರ್ಕ್ ಸಂವಿಧಾನದಲ್ಲಿ ಬಿಳಿಯರಾದರೆ ತೆರಿಗೆ ಕಟ್ಟಿದ್ದರೂ ಸಾಕು, ರಸ್ತೆ ಕೆಲಸ ಮಾಡಿದ್ದರೂ ಸಾಕು. ಕಪ್ಪು ಜನರಿಗೆ 250 ಡಾಲರಿನ ಆಸ್ತಿ ಬೇಕು. ಕೂಲಿ ಒಳಗೆ ಬರುತ್ತಾನೆ, ಬಡಗಿ ಹೊರಗೆ ಹೋಗುತ್ತಾನೆ. ಇಬ್ಬರೂ ಗೆರೆಯ ಮೇಲೆ ಎದುರುಬದುರಾಗುತ್ತಾರೆ. ಆ ಕ್ಷಣ ನಾನು ಬೇಕೆಂದೇ ಮಾತು ನಿಲ್ಲಿಸುತ್ತೇನೆ.

1830. ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆ ಸಾಗಿಸುವ ಮಸೂದೆ ಪ್ರತಿನಿಧಿ ಸಭೆಯಲ್ಲಿ 102–97ರಲ್ಲಿ ಪಾಸಾಯಿತು. ಐದೇ ಮತದ ಅಂತರ. ಜಾಕ್ಸನ್‌ನ ಟೆನೆಸೀ ರಾಜ್ಯದವನೇ ಆದ ಸಭೆಯ ಸದಸ್ಯ ಡೇವಿ ಕ್ರಾಕೆಟ್ ಈ ಮಸೂದೆಯ ವಿರುದ್ಧ ಮತ ಹಾಕಿದ್ದ. ಇದನ್ನು ತಪ್ಪದೆ ಹೇಳುತ್ತೇನೆ, ಏಕೆಂದರೆ ‘ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು’ ಎಂಬ ಸಮಾಧಾನ ಸುಳ್ಳು. 1838ರಲ್ಲಿ ಪೆನ್ಸಿಲ್ವೇನಿಯಾದ ಹೊಸ ಸಂವಿಧಾನ ‘ಬಿಳಿಯ’ ಎಂಬ ಪದ ಸೇರಿಸಿತು, ರೈತ ಹೊರಕ್ಕೆ. ಅದೇ ವರ್ಷ ಸೈನಿಕರು ಚೆರೊಕೀಗಳನ್ನು ಮನೆಗಳಿಂದ ಎಬ್ಬಿಸಿದರು. ಸುಮಾರು 16,000 ಜನ. ಸತ್ತವರು ಸುಮಾರು 4,000 ಎಂದು ಅಂದಾಜು. ಆ ಚೀಟಿ ಹಿಡಿದ ವಿದ್ಯಾರ್ಥಿಗೆ ಕೊಠಡಿ ಬಿಟ್ಟು ಕಾರಿಡಾರಿಗೆ ಹೋಗಲು ಹೇಳುತ್ತೇನೆ. ಹರ್ಮಿಟೇಜಿನ ಗುಲಾಮ ಇಡೀ ಪಿರಿಯಡ್ ಒಂದು ಹೆಜ್ಜೆಯೂ ಅಲುಗಿರುವುದಿಲ್ಲ.

ಒಮ್ಮೆ ಗಂಟೆ ಹೊಡೆದ ಮೇಲೂ ಕಾರಿಡಾರಿನಲ್ಲಿದ್ದ ಹುಡುಗ ಹೊಸ್ತಿಲಲ್ಲೇ ನಿಂತು ಕೇಳಿದ, ‘ಮೇಡಂ, ನಾನು ಯಾವ ವರ್ಷ ಒಳಗೆ ಬರಬೇಕು?’ ದೇಶದಲ್ಲಿ ಹುಟ್ಟಿದ ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ, ಅರಿಜೋನಾ, ನ್ಯೂ ಮೆಕ್ಸಿಕೊಗಳಲ್ಲಿ ಆಮೇಲೂ 1948ರವರೆಗೆ ಮತ ಹಾಕಲು ಬಿಡಲಿಲ್ಲ ಎಂದೆ. ನನ್ನ ಪಟ್ಟಿ 1838ಕ್ಕೇ ಮುಗಿದಿತ್ತು. ಈಗ ಅದಕ್ಕೆ 1870 (ಕಪ್ಪು ಗಂಡಸರ ಮತ), 1920 (ಹೆಂಗಸರ ಮತ), 1924, 1948, 1965 (ಮತದಾನ ಹಕ್ಕುಗಳ ಕಾಯ್ದೆ) ಸೇರಿಸಿದ್ದೇನೆ. ಈ ಪಾಠಕ್ಕೆ ಇನ್ನೊಂದು ಪಿರಿಯಡ್ ಕೇಳಿ ಪಡೆಯುತ್ತೇನೆ.