ಸಾಫ್ಟ್‌ನರ್ ನೀರಿನಲ್ಲಿ ಸೋಡಿಯಂ ಎಷ್ಟು? ಮನೆಯಲ್ಲೇ ಲೆಕ್ಕ ಹಾಕಿ

ಧಾರವಾಡದಿಂದ ಪುಣೆಯ ವಾಘೋಲಿಗೆ ಬಂದ ನಮ್ಮತ್ತೆಗೆ ಬಿಪಿ. ಸಾರಿಗೆ ಉಪ್ಪು ಚಿಟಿಕೆ ಲೆಕ್ಕ. ಒಂದಿನ ಸೊಸೈಟಿಯ ಬೇಸ್‌ಮೆಂಟ್‌ನಲ್ಲಿ ಉಪ್ಪಿನ ಚೀಲಗಳ ಸಾಲು ಕಂಡು, 'ಇಷ್ಟ್ ಉಪ್ಪು ಯಾರು ತಿಂತಾರ?' ಅಂದರು. ಕೇಳಬೇಕಾದ ಪ್ರಶ್ನೆಯೇ.

ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ವಾಚ್‌ಮನ್‌ನನ್ನು ಕೇಳಿ. ಖಡಕ್‌ವಾಸ್ಲಾ ಅಣೆಕಟ್ಟಿನ ಕಡೆಯ ಕಾರ್ಪೊರೇಷನ್ ನೀರಾದರೆ, ಉಪ್ಪಿನಲ್ಲಿರುವ, ಬಿಪಿ ಏರಿಸುವ ಸೋಡಿಯಂ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಪಾನ್‌ಶೆತ್, ವರಸಗಾಂವ್ ಅಣೆಕಟ್ಟುಗಳಲ್ಲಿ ನಿಲ್ಲುವುದು ಸಹ್ಯಾದ್ರಿಯ ಮಳೆನೀರು, ಅದು ಮೊದಲೇ ಮೆದು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ, ಕಟ್ಟಡಕ್ಕೆ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಇದೆಯಾ ನೋಡಿ.

ಸಾಫ್ಟ್‌ನರ್‌ನ ಒಳಗಿನ ರೆಸಿನ್ ಎಂಬ ಸಣ್ಣ ಮಣಿಗಳು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು, ಬದಲಿಗೆ ಸೋಡಿಯಂ ಬಿಡುತ್ತವೆ. ರೆಸಿನ್ ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆಯುತ್ತಾರೆ. ಆ ಚೀಲಗಳು ಅದಕ್ಕೆ. ತೊಳೆದ ನೀರು ಮೋರಿಗೆ ಹೋಗುತ್ತದೆ, ರೆಸಿನ್‌ಗೆ ಅಂಟಿದ ಸೋಡಿಯಂ ಮಾತ್ರ ನಲ್ಲಿಗೆ ಬರುತ್ತದೆ.

ಇನ್ನು ಲೆಕ್ಕ. ಸಾಫ್ಟ್‌ನರ್‌ಗೆ ಮುಂಚಿನ ಮತ್ತು ನಂತರದ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ ಎಷ್ಟು ಮಿಗ್ರಾಂ ಅಂತ ಸೊಸೈಟಿಯಲ್ಲಿ ಕೇಳಿ. ವ್ಯತ್ಯಾಸವನ್ನು 0.46ರಿಂದ ಗುಣಿಸಿ. 300 ಮಿಗ್ರಾಂ ಇಳಿದಿದ್ದರೆ ಲೀಟರಿಗೆ 138 ಮಿಗ್ರಾಂ ಸೋಡಿಯಂ ಸೇರಿದೆ. 2 ಲೀಟರ್ ಕುಡಿದರೆ 276. ದೊಡ್ಡವರಿಗೆ ದಿನಕ್ಕೆ ಸೋಡಿಯಂ 2000 ಮಿಗ್ರಾಂ, ಅಂದರೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರಿನ 276 ಮಿಗ್ರಾಂ ಸುಮಾರು 0.7 ಗ್ರಾಂ ಉಪ್ಪಿನಷ್ಟಾಯಿತು. ಗಟ್ಟಿಮುಟ್ಟಾದವರಿಗೆ ಇದಕ್ಕಿಂತ ಹಪ್ಪಳ, ಉಪ್ಪಿನಕಾಯಿಯದೇ ಚಿಂತೆ ಜಾಸ್ತಿ ಇರಬೇಕು. ಅತ್ತೆಯಂತೆ ಚಿಟಿಕೆ ಎಣಿಸುವವರಿಗೆ ಮಾತ್ರ ಇದು ಸಣ್ಣದಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರು ಈ ಅಂಕಿಯನ್ನು ಡಾಕ್ಟರಿಗೆ ತೋರಿಸಿ. ಪುಟ್ಟ ಮಗುವಿಗೆ ಪುಡಿ ಹಾಲು ಕಲಸಲು ಈ ನೀರು ಬೇಡ.

ನಾಲಿಗೆಯನ್ನು ನಂಬಬೇಡಿ. ಸೋಡಿಯಂ ಲೀಟರಿಗೆ ಸುಮಾರು 200 ಮಿಗ್ರಾಂ ಆಗುವವರೆಗೆ ರುಚಿ ಅಷ್ಟಾಗಿ ತಿಳಿಯುವುದಿಲ್ಲ. ನೀರಿನಲ್ಲಿ ಕರಗಿದ್ದೆಲ್ಲ ಒಟ್ಟು ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಕೂಡ ಸೋಡಿಯಂ ಇಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಬೋರ್ ನೀರಿನಲ್ಲಿ ಮೊದಲೇ ಇದ್ದ ಸೋಡಿಯಂ ನಮ್ಮ ಲೆಕ್ಕದಲ್ಲೂ ಇಲ್ಲ. ಅದಕ್ಕೆ ಲ್ಯಾಬ್‌ಗೆ ಬಾಟಲಿ ಕೊಡುವಾಗ ಸೋಡಿಯಂ ಬೇಕು ಅಂತ ಬಾಯಿಬಿಟ್ಟು ಹೇಳಿ.

ಕುದಿಸಿದರೆ ಸೋಡಿಯಂ ಹೋಗುವುದಿಲ್ಲ, ಯುವಿ ಫಿಲ್ಟರಿಗೂ ಅದು ಬಗ್ಗುವುದಿಲ್ಲ. ಆರ್‌ಒ ಬಹುಪಾಲು ತೆಗೆಯುತ್ತದೆ. ಕಾರ್ಪೊರೇಷನ್ ನೀರೂ ಬರುವ ಕಟ್ಟಡವಾದರೆ, ಅಡುಗೆಮನೆಯ ಒಂದು ನಲ್ಲಿಗೆ ಅದರದೇ ಲೈನ್ ಬೇರೆ ಎಳೆಸಿ. ಬಚ್ಚಲಿಗೆ ಸಾಫ್ಟ್‌ನರ್ ನೀರು ಇದ್ದರೆ ಇರಲಿ, ಸೋಪು ನೊರೆ ಚೆನ್ನಾಗಿ ಬರುತ್ತದೆ.