ಕಡಲೆಕಾಯಿ ಒಡೆದು ನ್ಯೂಕ್ಲಿಯೋಫೈಲ್ ಕಲಿಸಿದೆ

ದ್ವಿತೀಯ ಪಿಯುಸಿಗೆ ಹ್ಯಾಲೋಆಲ್ಕೇನ್ (ಕಾರ್ಬನ್ನಿಗೆ ಕ್ಲೋರಿನ್‌ನಂಥದ್ದು ಅಂಟಿದ ಸಂಯುಕ್ತ) ಪಾಠ ಮಾಡುವವರಿಗೆ ಈ ತಲೆನೋವು ಗೊತ್ತೇ ಇದೆ. ಎಲೆಕ್ಟ್ರಾನ್ ಜೋಡಿ ಕೊಡೋದು ಯಾವುದು ಅಂದರೆ 'ಎಲೆಕ್ಟ್ರೋಫೈಲ್' ಅಂತಾರೆ. ಹೆಸರಲ್ಲೇ ಎಲೆಕ್ಟ್ರಾನ್ ಇದೆಯಲ್ಲ! ನಿಜಕ್ಕೂ ಕೊಡೋದು ನ್ಯೂಕ್ಲಿಯೋಫೈಲ್, ತಗೊಳ್ಳೋದು ಎಲೆಕ್ಟ್ರೋಫೈಲ್. ನನ್ನ ಕ್ಲಾಸಲ್ಲಿ 60 ಮಕ್ಕಳಿಗೆ 40 ಜನ ಹೀಗೇ ಬರೆದಿದ್ದರು.

ಪ್ಲಸ್-ಮೈನಸ್ ಸೆಳೆತ ತೋರಿಸೋಕೆ ಮೊದಲು ಆಯಸ್ಕಾಂತ ತಂದೆ. ಕೈಯಿಂದ ಸುಮಾರು 700 ರೂಪಾಯಿ ಹೋಯ್ತು. ಮಕ್ಕಳು ಉತ್ತರ ಧ್ರುವ, ದಕ್ಷಿಣ ಧ್ರುವ ಅಂತ ಬರೆದುಕೊಂಡರು! ಆಮೇಲೆ ಮೈಲುತುತ್ತದ ನೀರಿಗೆ ಅಮೋನಿಯಾ ಹಾಕಿದೆ. ಮೊದಲು ತಿಳಿನೀಲಿ ಗಸಿ, ಇನ್ನಷ್ಟು ಸುರಿದರೆ ಗಾಢ ನೀಲಿ. ಅಮೋನಿಯಾದ ನೈಟ್ರೋಜನ್ ತನ್ನ ಒಂಟಿ ಜೋಡಿಯನ್ನು (ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್) ಮೈಲುತುತ್ತದ ತಾಮ್ರಕ್ಕೆ ಕೊಡೋದು ಕಣ್ಣಿಗೇ ಕಾಣುತ್ತೆ ಅಂದುಕೊಂಡಿದ್ದೆ. ಬಣ್ಣಕ್ಕೆ ಚಪ್ಪಾಳೆ ಬಿತ್ತು. ಘಾಟಿಗೆ ಮುಂದಿನ ಬೆಂಚು ಖಾಲಿಯಾಯ್ತು. ಪದ ತಲೆಗೆ ಇಳಿಯಲಿಲ್ಲ.

ಕೊನೆಗೆ ಪದದ ಹುಟ್ಟಿಗೇ ಕೈ ಹಾಕಿದೆ. "ಸಿಇಟಿಯಲ್ಲಿ ಲ್ಯಾಟಿನ್ ಕೇಳ್ತಾರಾ ಸಾರ್?" ಅಂತ ಸ್ಟಾಫ್ ರೂಮಲ್ಲಿ ನಕ್ಕರು. ನ್ಯೂಕ್ಲಿಯೋಫೈಲ್ ಅನ್ನೋ ಹೆಸರು ಕೊಟ್ಟವರು ರಸಾಯನ ವಿಜ್ಞಾನಿ ಕ್ರಿಸ್ಟೋಫರ್ ಇಂಗೋಲ್ಡ್, 1933ರಲ್ಲಿ. ಅದಕ್ಕೂ ಮೊದಲು ಲ್ಯಾಪ್‌ವರ್ತ್ ಅನ್ನೋ ಇನ್ನೊಬ್ಬ ರಸಾಯನ ವಿಜ್ಞಾನಿ ಇಂಥವನ್ನು 'ಆನಯನಾಯ್ಡ್' ಅಂದಿದ್ದರು, ಅಂದರೆ ಆನಯಾನ್ (ಮೈನಸ್ ಚಾರ್ಜ್ ಇರೋ ಅಯಾನು) ಥರದ್ದು. ಚಾರ್ಜೇ ಇಲ್ಲದ ಅಮೋನಿಯಾಗೆ ಆ ಹೆಸರು ಹೇಳಿ ನೋಡಿ, ಮಕ್ಕಳು ಇನ್ನೂ ತಬ್ಬಿಬ್ಬು. ಇಂಗೋಲ್ಡ್ ಹೆಸರೇ ವಾಸಿ. ಲ್ಯಾಟಿನ್‌ನಲ್ಲಿ ನ್ಯೂಕ್ಲಿಯಸ್ ಅಂದರೆ ಕಾಯಿಯೊಳಗಿನ ತಿರುಳು. ಗ್ರೀಕ್‌ನ ಫಿಲೋಸ್ ಅಂದರೆ ಪ್ರೀತಿಸುವವನು.

ತಿರುಳು ತಾನೇ? ಅರ್ಧ ಕೆಜಿ ಕಡಲೆಕಾಯಿ ತಂದೆ, ಐವತ್ತು ಅರವತ್ತು ರೂಪಾಯಿ ಆಗಿರಬೇಕು. ಕಾಳು ಪರಮಾಣುವಿನ ಪ್ಲಸ್ ನ್ಯೂಕ್ಲಿಯಸ್, ಸಿಪ್ಪೆ ಎಲೆಕ್ಟ್ರಾನ್ ಮೋಡ. ಕ್ಲೋರಿನ್ ತನ್ನ ಕಡೆ ಸಿಪ್ಪೆ ಎಳೆದುಕೊಂಡರೆ ಕಾರ್ಬನ್ನಿನ ಕಾಳು ಇಣುಕುತ್ತೆ. ನ್ಯೂಕ್ಲಿಯೋಫೈಲ್ ಅನ್ನೋ ಅಳಿಲು ಅಲ್ಲಿಗೇ ಬರುತ್ತೆ.

ಹಿಂದಿನ ಬೆಂಚಿನ ಹುಡುಗಿ ಸಿಕ್ಕಿಸಿದಳು: "ಸಾರ್, ಅಳಿಲು ತಿನ್ನುತ್ತೆ, ಕೊಡಲ್ಲ ಅಲ್ವಾ?"

ಹೌದಲ್ಲ! ಅಳಿಲನ್ನು ಅಲ್ಲೇ ಬಿಟ್ಟೆ. "ಪ್ರೀತಿ ಮಾಡೋನು ಬರಿಗೈಲಿ ಹೋಗ್ತಾನೇನಮ್ಮ? ಎರಡು ಎಲೆಕ್ಟ್ರಾನ್ ಹಿಡ್ಕೊಂಡೇ ಹೋಗ್ತಾನೆ" ಅಂದೆ. ಕ್ಲಾಸು ಗೊಳ್ಳಂತ ನಕ್ಕಿತು. ಮುಂದಿನ ಟೆಸ್ಟಲ್ಲಿ ತಪ್ಪಿದವರು ಏಳೋ ಎಂಟೋ. ಸ್ಟಾಫ್ ರೂಮಲ್ಲಿ ನಕ್ಕವರೇ ಈಗ ಬಂದು ನೋಟ್ಸ್ ಕೇಳ್ತಾರೆ. ನ್ಯೂಕ್ಲಿಯೋಫೈಲ್ ಬಂದು ಕ್ಲೋರಿನ್ನಿನ ಜಾಗ ಹಿಡಿಯೋ ಎರಡು ದಾರಿಗಳಾದ ಎಸ್ಎನ್1ಕ್ಕೂ ಎಸ್ಎನ್2ಕ್ಕೂ ಇದೇ ಕಾಯನ್ನು ಹೇಗೆ ಒಡೀತೀನಿ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ.

ಉಳಿದ ಕಾಳಲ್ಲಿ ಸುಮ್ನೆ ಇನ್ನೊಂದು ಆಟ ಆಡಿಸಿದೆ. ಕಾಳನ್ನು ಸಣ್ಣ ಬಾಯಿಯ ಡಬ್ಬಿಗೆ ಹಾಕಿ, ವಿಕೆಟ್ ಕೀಪರ್ ಹುಡುಗನಿಗೆ ಗ್ಲೌಸ್ ಹಾಕಿಸಿ, ತೆಗಿ ಅಂದೆ. ಕೈ ಒಳಗೆ ಹೋಗಲಿಲ್ಲ. ಈ ಗ್ಲೌಸಿನ ಹಾಗೇ ಮೈ ದಪ್ಪಗಿರೋ ಟರ್ಷಿಯರಿ ಬ್ಯುಟಾಕ್ಸೈಡ್ ಪ್ರಬಲ ಬೇಸ್ (ಹೈಡ್ರೋಜನ್ ಅಯಾನು ಕಸಿಯೋದು) ಆದರೂ, ಕಾರ್ಬನ್ ತನಕ ನುಗ್ಗಲಾರದೆ ನ್ಯೂಕ್ಲಿಯೋಫೈಲ್ ಆಗಿ ಯಾಕೆ ಸೋಲುತ್ತೆ ಅಂತ ಬೋರ್ಡಿಗೆ ತಿರುಗಿ ಬರೀತಿದ್ದೆ. ತಿರುಗಿ ನೋಡಿದರೆ ಅವನು ಡಬ್ಬಿಯನ್ನೇ ಬೋರಲು ಹಾಕಿ ತಿಂತಿದ್ದ.