ತೈವಾನ್‌ನ ಅಡಿಕೆ ಅಂಗಡಿಯಿಂದ ಶಿವಮೊಗ್ಗದ ಸ್ಟೇಜಿಗೆ

ಶಿವಮೊಗ್ಗದಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುವವರಿಗೆ ಒಂದು ದೊಡ್ಡ ತೊಂದರೆ ಇದೆ. ನೋಡಲು ಬರುವವರು ಪ್ರತಿ ಸಲವೂ ಅವರೇ. ಕೆಫೆಯ ಮಹಡಿಯಲ್ಲಿ ಓಪನ್ ಮೈಕ್ ಇರಲಿ, ಕಾಲೇಜಿನ ವಾರ್ಷಿಕೋತ್ಸವ ಇರಲಿ, ಎದುರು ಕೂತವರಲ್ಲಿ ಅರ್ಧ ಜನ ಹಿಂದಿನ ಸಲ ನನ್ನ ಸೆಟ್, ಅಂದರೆ ಸ್ಟೇಜಿನಲ್ಲಿ ಹೇಳುವ ಹಾಸ್ಯದ ಕಂತು, ಕೇಳಿದವರೇ. ಬೆಂಗಳೂರಿನಲ್ಲಿ ಅದೇ ಹತ್ತು ನಿಮಿಷವನ್ನು ವರ್ಷವಿಡೀ ಓಡಿಸಬಹುದು. ಇಲ್ಲಿ ಎರಡನೇ ಸಲವೇ ಮುಂದಿನ ಸಾಲಿನವರು ನನಗಿಂತ ಮೊದಲು ಪಂಚ್ ಹೇಳಿಬಿಡುತ್ತಾರೆ. ಹೊಸ ಕಥೆ ಬೇಕೇ ಬೇಕು.

ಹೊರದೇಶ ಸುತ್ತಿ ಬಂದರೆ ಹೊಸ ಕಥೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಿಗುತ್ತದೆ, ನಿಜ. ಆದರೆ ವೀಸಾ ಸಿಗದ ಕಥೆ, ವಿಮಾನದ ಊಟದ ಕಥೆ, ಟಾಯ್ಲೆಟ್‌ನಲ್ಲಿ ನೀರಿಲ್ಲದ ಕಥೆ, ಇವನ್ನೆಲ್ಲ ಜನ ಕೇಳಿ ಕೇಳಿ ಸಾಕಾಗಿದೆ. ನಾನು ಬೇರೆ ದಾರಿ ಹಿಡಿದೆ. ಅಲ್ಲಿ ಏನೇ ಕಂಡರೂ, ನಮ್ಮೂರಿನ ಇಂಥವರು ಇದನ್ನು ನೋಡಿದ್ದರೆ ಮೊದಲು ಏನು ಕೇಳುತ್ತಿದ್ದರು ಅಂತ ಯೋಚಿಸುತ್ತೇನೆ. ಆ ಪ್ರಶ್ನೆಯನ್ನು ಬರೆದುಕೊಳ್ಳುತ್ತೇನೆ. ನನ್ನ ಸೆಟ್‌ನಲ್ಲಿ ನಗು ಹುಟ್ಟುವುದು ಹೆಚ್ಚಾಗಿ ಆ ಪ್ರಶ್ನೆಯಿಂದಲೇ.

ತೈವಾನ್‌ಗೆ ಹೋಗಲು ಕಾರಣವೇ ಅಡಿಕೆ. ತೀರ್ಥಹಳ್ಳಿ ಹತ್ತಿರ ನಮ್ಮ ಚಿಕ್ಕಪ್ಪನ ತೋಟ ಇದೆ. ತೈವಾನ್‌ನಲ್ಲೂ ಅಡಿಕೆ ಬೆಳೆಯುತ್ತಾರೆ, ಹೆದ್ದಾರಿ ಬದಿಯಲ್ಲಿ ಮಾರುತ್ತಾರೆ ಅಂತ ಓದಿದ್ದೆ. ಹೋಗಿ ನೋಡಿದರೆ ರಸ್ತೆ ಪಕ್ಕ ಗಾಜಿನ ಪುಟ್ಟ ಅಂಗಡಿಗಳು, ಮೇಲೆ ಬಣ್ಣಬಣ್ಣದ ನಿಯಾನ್ ದೀಪ. ಲಾರಿ ನಿಂತ ಕೂಡಲೇ ಒಳಗಿನಿಂದ ಅಡಿಕೆ ಪೊಟ್ಟಣ ಬರುತ್ತದೆ. ಈ ಅಂಗಡಿಗಳು ತುಂಡು ಬಟ್ಟೆ ತೊಟ್ಟು ಮಾರುವ ಹುಡುಗಿಯರಿಂದಲೇ ಜಗತ್ತಿಗೆಲ್ಲ ಗೊತ್ತು. ಹೊರಗಿನಿಂದ ಹೋದವರು ಅದನ್ನೇ ಜೋಕ್ ಮಾಡುತ್ತಾರೆ. ನಾನು ಮುಟ್ಟಲಿಲ್ಲ. ದಿನವಿಡೀ ನಿಂತು ದುಡಿಯುವವರನ್ನು ನೋಡಿ ನಗಿಸುವುದು ನನಗೆ ಬೇಡ. ಚಿಕ್ಕಪ್ಪನಾಗಿದ್ದರೆ ಅವರ ಕಣ್ಣು ಮೊದಲು ಕಾಯಿಯ ಮೇಲೆ ಹೋಗುತ್ತಿತ್ತು. ನಾನೂ ಕಾಯಿಯನ್ನೇ ನೋಡಿದೆ.

ಕಾವೋಶ್ಯುಂಗ್‌ನಿಂದ ಪಿಂಗ್‌ಟುಂಗ್ ಕಡೆಗೆ ರೈಲಿನಲ್ಲಿ ಹೋದೆ. ಅಲ್ಲಿ ಅಡಿಕೆ ಜಾಸ್ತಿ. ಒಂದು ಸಣ್ಣ ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತು ಕೆಲಸ ಮಾಡುತ್ತಿದ್ದರು. ಹಸಿರು ಕಾಯಿಯ ತೊಟ್ಟು ತೆಗೆಯುವುದು, ವೀಳ್ಯದೆಲೆಗೆ ಸುಣ್ಣ ಸವರುವುದು, ಎಲೆಯನ್ನು ಇಡೀ ಕಾಯಿಗೆ ಸುತ್ತಿ ಡಬ್ಬಿಯಲ್ಲಿ ಜೋಡಿಸುವುದು. ಕೈ ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಗಮನಿಸಿ, ಇಡೀ ಕಾಯಿ. ಒಳಗೆ ಗಟ್ಟಿಯಾಗುವ ಮೊದಲೇ ಕಿತ್ತ ಎಳೇ ಕಾಯಿ, ಸಿಪ್ಪೆ ಸಮೇತ. ಸುಲಿಯುವುದಿಲ್ಲ, ಬೇಯಿಸುವುದಿಲ್ಲ, ಬಣ್ಣಕ್ಕೆ ಚೊಗರು ಹಾಕುವುದಿಲ್ಲ, ಒಣಗಿಸುವುದಿಲ್ಲ.

ಅಲ್ಲಿಂದಲೇ ಚಿಕ್ಕಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ನೋಡಿದ ತಕ್ಷಣ ಅವರ ಪ್ರಶ್ನೆ: "ಸಿಪ್ಪೆ ಎಲ್ಲಿ ಹಾಕ್ತಾರೆ ಕೇಳು."

"ಹಾಕಲ್ಲ ಚಿಕ್ಕಪ್ಪ. ಸಿಪ್ಪೆ ಸೇರಿಸಿಯೇ ಜಗಿತಾರೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ನಮ್ಮ ರಸ್ತೆ ಬದಿ ಬಿದ್ದಿದ್ದು ಕಳಿಸಿದ್ರೆ ತಗೋತಾರಾ ಕೇಳು ಮಾರಾಯ."

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಲಿತದ ಕಾಲದಲ್ಲಿ ರಸ್ತೆ ಪಕ್ಕ ರಾಶಿ ಬೀಳುವ ಸಿಪ್ಪೆ, ಮಳೆ ಬಿದ್ದ ಮೇಲೆ ಅದರ ವಾಸನೆ, ಎಲ್ಲ ಗೊತ್ತಲ್ವಾ? ಈ ಒಂದು ಮಾತಿಗಾಗಿ ಇಡೀ ಪ್ರಯಾಣ ಸಾರ್ಥಕ ಅನ್ನಿಸಿತು.

ಅಷ್ಟರಲ್ಲಿ ಅಂಗಡಿಯ ಹಿಂದಿನಿಂದ ಆ ಹೆಂಗಸಿನ ಗಂಡ ಬಂದರು. ಅವರೂ ಬೆಳೆಗಾರರೇ. ಚಿಕ್ಕಪ್ಪ ಬಿಡಲಿಲ್ಲ: "ಅವರಿಗೆ ಕೊಳೆ ಬರ್ತದಾ ಕೇಳು." ನನಗೆ ಅವರ ಭಾಷೆ ಬರುವುದಿಲ್ಲ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಈ ಕೊಳೆ ರೋಗ ಫೋನಿನ ಅನುವಾದಕ್ಕೆ ಗೊತ್ತಿಲ್ಲ. ಕೈ ಮೇಲೆತ್ತಿ ಅಡಿಕೆ ಗೊನೆಯ ಹಾಗೆ ಮಾಡಿದೆ, ಬೆರಳಾಡಿಸಿ ಮಳೆ ಸುರಿಸಿದೆ, ಒಂದೊಂದೇ ಕಾಯಿ ಉದುರಿಸಿದೆ. ಅವರಿಗೆ ತಿಳಿಯಲಿಲ್ಲ. ಕೊನೆಗೆ, ಬೆಳಿಗ್ಗೆ ತೋಟಕ್ಕೆ ಇಳಿದು ನೆಲ ನೋಡಿದಾಗ ಚಿಕ್ಕಪ್ಪನ ಮುಖ ಹೇಗಾಗುತ್ತದೋ ಹಾಗೆ ಮುಖ ಮಾಡಿದೆ. ಆ ಕ್ಷಣ ಅವರು ಜೋರಾಗಿ ತಲೆ ಆಡಿಸಿ, ತಮ್ಮ ಎದೆ ಮುಟ್ಟಿ ತೋರಿಸಿದರು.

ಊರಿಗೆ ಬಂದು ಇದನ್ನು ಸೆಟ್ ಮಾಡುವಾಗ ಕ್ರಮ ಬಹಳ ಸಲ ಬದಲಾಯಿತು. ಮೊದಲು ಗಾಜಿನ ಅಂಗಡಿ, ನಿಯಾನ್ ದೀಪದಿಂದ ಶುರು ಮಾಡುತ್ತಿದ್ದೆ. ಜನ ಕುತೂಹಲದಿಂದ ಕೇಳುತ್ತಿದ್ದರು, ನಗುತ್ತಿರಲಿಲ್ಲ. ಈಗ ಚಿಕ್ಕಪ್ಪನಿಂದ ಶುರು ಮಾಡುತ್ತೇನೆ. ಅವರು ದಿನಾ ಬೆಳಿಗ್ಗೆ ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಬಗೆಯ ದರ ನೋಡುವುದು, ದರ ನೋಡಿದ ಮೇಲೆಯೇ ಕಾಫಿ ರುಚಿ ಚೆನ್ನಾಗಿದೆಯೋ ಇಲ್ಲವೋ ತೀರ್ಮಾನ ಆಗುವುದು. ಜನ ಅವರನ್ನು ಗುರುತು ಹಿಡಿದ ಮೇಲೆ ತೈವಾನ್‌ಗೆ ಕರೆದೊಯ್ಯುತ್ತೇನೆ. ಕೊಳೆ ರೋಗವನ್ನು ಬಾಯಲ್ಲಿ ಹೇಳುವುದೇ ಇಲ್ಲ, ಅಲ್ಲಿ ಮಾಡಿದ ಹಾಗೆಯೇ ಕೈಯಲ್ಲಿ ಮಾಡುತ್ತೇನೆ. ಕಾಯಿ ಉದುರುವಾಗ ಸಾಗರದಲ್ಲಿ ಹೆಂಗಸರೊಬ್ಬರು "ಅಯ್ಯೋ" ಅಂದರು. ಅದು ನನಗೆ ನಗುವಿಗಿಂತ ದೊಡ್ಡದು. ಬೆಂಗಳೂರಿನಲ್ಲಿ ಚಿಕ್ಕಪ್ಪನ ಸಿಪ್ಪೆಯ ಮಾತಿಗೆ ಆ ರಾಶಿ, ವಾಸನೆ ಎಲ್ಲ ಮೊದಲೇ ಕಟ್ಟಿಕೊಡಬೇಕು. ಅಲ್ಲಿ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ.

ಒಂದು ಕಷ್ಟದ ಭಾಗವೂ ಇದೆ. ತೈವಾನ್‌ನಲ್ಲಿ ಅಡಿಕೆ ಅಂದರೆ ಬಾಯಿ ಕ್ಯಾನ್ಸರ್‌ನ ಮಾತೂ ಜೊತೆಗೇ ಬರುತ್ತದೆ. ಅಡಿಕೆ ಮರ ಕಡಿದು ಬೇರೆ ಬೆಳೆ ಹಾಕುವ ರೈತರಿಗೆ ಸರ್ಕಾರ ಸಹಾಯಧನ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತನ್ನ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ತೀರ್ಥಹಳ್ಳಿಯ ಸಭೆಯಲ್ಲಿ ಹೇಳಿದರೆ ಗಾಳಿಯೇ ಬದಲಾಗುತ್ತದೆ. ಆದರೂ ಬಿಡಲಿಲ್ಲ. ಜೋಕ್ ಮಾಡದೆ, ಒಂದೇ ವಾಕ್ಯದಲ್ಲಿ ಹೇಳಿ, ಆ ಬೆಳೆಗಾರರು ಎದೆ ಮುಟ್ಟಿಕೊಂಡ ಜಾಗಕ್ಕೆ ಹೋಗುತ್ತೇನೆ. ಯಕ್ಷಗಾನದ ಹಾಸ್ಯಗಾರರನ್ನು ನೋಡಿ, ಪುರಾಣದ ಪ್ರಸಂಗದ ನಡುವೆ ಊರಿನ ನೋವನ್ನು ಹಗುರಾಗಿ ಇಟ್ಟು ಮುಂದೆ ಹೋಗುತ್ತಾರೆ. ನಾನು ಕಲಿತದ್ದು ಅವರಿಂದಲೇ.

ತೈಪೆಯಲ್ಲಿ ಇಂಗ್ಲಿಷ್ ಓಪನ್ ಮೈಕ್ ಒಂದರಲ್ಲಿ ನಾನೂ ಐದು ನಿಮಿಷ ಮಾತಾಡಿದೆ. ವಿಷಯ ನಮ್ಮ ಮಳೆ ರಜೆ. ಜುಲೈನಲ್ಲಿ ಮಕ್ಕಳು ರಾತ್ರಿಯಿಡೀ ಜಿಲ್ಲಾಧಿಕಾರಿಗಳ ಆದೇಶಕ್ಕೆ ಕಾಯುವುದು, ಹೊಸನಗರಕ್ಕೆ ರಜೆ ಕೊಟ್ಟು ಪಕ್ಕದ ತಾಲ್ಲೂಕಿಗೆ ಕೊಡದಿದ್ದಾಗ ಆಗುವ ಜಗಳ. ಇವರಿಗೆ ಅರ್ಥ ಆಗುತ್ತದೋ ಇಲ್ಲವೋ ಅಂದುಕೊಂಡಿದ್ದೆ. ಇಡೀ ಕೋಣೆ ನಕ್ಕಿತು. ಆಮೇಲೆ ಗೊತ್ತಾಯಿತು, ಅಲ್ಲಿ ತೈಫೂನ್ ಚಂಡಮಾರುತ ಬಂದರೆ ಆಯಾ ನಗರ, ಜಿಲ್ಲೆಯ ಆಡಳಿತ ರಜೆ ಕೊಡುತ್ತದೆ. ಅವರೂ ಹಿಂದಿನ ರಾತ್ರಿ ಫೋನ್ ಹಿಡಿದು ಕಾಯುತ್ತಾರೆ, ಪಕ್ಕದ ಊರಿಗೆ ಸಿಕ್ಕಿ ತಮಗೆ ಸಿಗದಿದ್ದರೆ ಸಿಟ್ಟಾಗುತ್ತಾರೆ. ಒಂದೇ ವ್ಯತ್ಯಾಸ, ಅಲ್ಲಿ ಆಫೀಸಿಗೂ ರಜೆ. ಇದನ್ನು ಶಿವಮೊಗ್ಗದಲ್ಲಿ ಹೇಳಿದಾಗ ಮೊದಲು ಚಪ್ಪಾಳೆ ಹೊಡೆದವರು ಶಾಲೆಯ ಮೇಷ್ಟ್ರುಗಳು.

ಎಲ್ಲ ಕಥೆಯೂ ಎಲ್ಲ ಕಡೆ ನಡೆಯುವುದಿಲ್ಲ. ತೈವಾನ್‌ನ ಕಸದ ಲಾರಿ ಬೀಥೋವನ್‌ನ ಪಿಯಾನೊ ಸಂಗೀತ ನುಡಿಸುತ್ತಾ ಬರುತ್ತದೆ, ಜನ ಚೀಲ ಹಿಡಿದು ಓಡಿ ಬರುತ್ತಾರೆ. ಶಿವಮೊಗ್ಗ ಪೇಟೆಯಲ್ಲಿ ಇದು ಚೆನ್ನಾಗಿ ಓಡಿತು. ತೋಟದ ಊರುಗಳಲ್ಲಿ ಸಪ್ಪೆ. ಅಲ್ಲಿ ಕಸದ ಗಾಡಿಯೇ ಬರುವುದಿಲ್ಲ, ಗೊಬ್ಬರ ಗುಂಡಿ ಇದೆ.

ಹೊರಡುವವರಿಗೆ ನಾನು ಹೇಳುವುದು ಇಷ್ಟು. ಅಲ್ಲಿ ಕೂತು ಜೋಕ್ ಬರೆಯಲು ಹೋಗಬೇಡಿ. ಯಾರು ಏನಂದರು, ಕೈಯಲ್ಲಿ ಏನಿತ್ತು, ಬೆಲೆ ಎಷ್ಟು, ಇಷ್ಟನ್ನು ಅದೇ ರಾತ್ರಿ ಬರೆದಿಡಿ. ಮಾರನೇ ದಿನಕ್ಕೆ ಮಾತಿನ ಧಾಟಿ ಮರೆತುಹೋಗುತ್ತದೆ. ಮನೆಯವರ ಮಾತು ಸ್ಟೇಜಿಗೆ ತರುವ ಮೊದಲು ಅವರನ್ನು ಕೇಳಿ. ಚಿಕ್ಕಪ್ಪ ಒಪ್ಪಿದರು, ಆದರೆ ತಮ್ಮ ತೋಟ ಎಷ್ಟು ಎಕರೆ ಅಂತ ಎಲ್ಲೂ ಹೇಳಬಾರದು ಅಂದರು. ಹೇಳಿಲ್ಲ.

ಮುಂದಿನದು ವಿಯೆಟ್ನಾಂ. ಜಗತ್ತಿನಲ್ಲೇ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ. ಅಲ್ಲಿಂದ ಮೆಣಸು ಬಂತು ಅಂದರೆ ನಮ್ಮ ತೋಟದವರ ಎದೆ ಧಸಕ್ ಅನ್ನುತ್ತದೆ. ಚಿಕ್ಕಪ್ಪ ಈಗಲೇ ಪ್ರಶ್ನೆಗಳನ್ನು ಬರೆದಿಟ್ಟಿದ್ದಾರೆ, ಬಳ್ಳಿ ಹಬ್ಬಿಸಲು ಯಾವ ಮರ ಹಾಕುತ್ತಾರೆ ಅನ್ನುವುದು ಮೊದಲನೆಯದು.